ಹಲ್ಲಿಲ್ಲದ ಮುದುಕಿಯ ಜೋಕಾಲಿ ಮತ್ತು ನೂರರ ಪೆಟ್ರೋಲು

ಹೊಂಗೆ ಎಣ್ಣೆ ಹೊಯ್ದು ಮೋಟಾರ್ ಸೈಕಲ್ಲನ್ನು ಜೋಗಿಮಟ್ಟಿ ಹತ್ತಿಸಿದವನು ಭೂಮಿಯ ಮೇಲೆ ತಾನೊಬ್ಬನೇ ಎಂದು ಕಾಳಾಚಾರ್ ಹೇಳುತ್ತಿದ್ದರು. ಅಂದು ಹಿಂದಿನ ಸೀಟಿನಲ್ಲಿ ಕೂತಿದ್ದ ಪಟೇಲ ಬೋರಯ್ಯ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಗಾಡಿ ಗುಜರಿಗೆ ಹೋಗಿತ್ತು. ಎಣ್ಣೆ ಕೊಟ್ಟ ಗಾಣದ ಜಾಗದಲ್ಲಿ ಕಲ್ಯಾಣ ಮಂಟಪ ಎದ್ದಿತ್ತು. ಇಲ್ಲ ಎನ್ನಲು ಬೆಟ್ಟವೊಂದೇ ಉಳಿದಿತ್ತು. ಅದು ಬಾಯಿ ಬಿಡುವ ಪೈಕಿಯಲ್ಲ.

ಆ ಬೆಳಿಗ್ಗೆಯೂ ಅವರು ಶೆಡ್ಡಿನ ಬಾಗಿಲಲ್ಲಿ ಕೂತು ಅದನ್ನೇ ಹೇಳಿ ಮುಗಿಸಿದರು. ಖಾಲಿ ಕ್ಯಾನು ಹಿಡಿದು ಎದುರಿಗೆ ನಿಂತಿದ್ದ ಶಿಷ್ಯ ಓಬಳೇಶ ಕೇಳಿದ:

“ಗುರುಗಳೇ, ಹಾಗಾದರೆ ನನ್ನ ಗಾಡಿಗೆ ಯಾವ ಪೆಟ್ರೋಲು ಹಾಕಲಿ?”

ಕೇಳಲು ಕಾರಣವಿತ್ತು. ಕಾಳಾಚಾರ್ ಶೆಡ್ಡಿನಲ್ಲಿ ಒಂದು ಪದ್ಧತಿ. ಶಿಷ್ಯನಾದವನು ಒಂದು ಇಂಜಿನ್ನನ್ನು ಬೇರೆಯವರ ಕೈ ತಾಗದಂತೆ ತಾನೇ ಬಿಚ್ಚಿ ತಾನೇ ಕಟ್ಟಬೇಕು. ಕಟ್ಟಿದ ಗಾಡಿಯನ್ನು ಜೋಗಿಮಟ್ಟಿ ಏರಿಗೆ ಬಿಡಬೇಕು. ಗುರು ಹಿಂದೆ ಕೂತು ಕಣ್ಣು ಮುಚ್ಚಿ ಕೇಳುತ್ತಾರೆ. ಇಂಜಿನ್ನು ಅಪಸ್ವರ ಎತ್ತದೆ ಏರಿದರೆ ಮೇಲೆ ನಿಂತು ತಮ್ಮ ಕೈಯಾರೆ ನಟ್ಟು ಬಿಗಿಯುವ ಒಂದು ಪಾನಾ ಕೊಡುತ್ತಾರೆ. ಪಾನಾ ಪಡೆದವನು ಮೇಸ್ತ್ರಿ. ಪಡೆಯದವನು ಮತ್ತೆ ಸೀಮೆಎಣ್ಣೆ ಬೋಗುಣಿಯ ಮುಂದೆ ಕೂತು ನಟ್ಟು ಬೋಲ್ಟು ತೊಳೆಯಬೇಕು.

ಓಬಳೇಶನ ಸರದಿ ಆ ಸಂಜೆಗೆ ಇತ್ತು. ಅವನ ಮಾವ ಆತುರಗಾರ. ಆಗಲೇ ಅಂಗಡಿ ಹಿಡಿದು, ‘ಮೇಸ್ತ್ರಿ ಓಬಳೇಶ’ ಎಂದು ಬೋರ್ಡೂ ಬರೆಸಿದ್ದ. ಬೋರ್ಡು ಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಹೆಂಡತಿ ದಿನಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದಳು, ಗಂಡನ ಮುಖ ಮಾತ್ರ ನೋಡುತ್ತಿರಲಿಲ್ಲ.

ಗಾಡಿ ಹಳೆಯದು, ಮಾಮೂಲು ಪೆಟ್ರೋಲೇ ಕುಡಿದು ಬೆಳೆದದ್ದು. ಓಬಳೇಶ ಅದಕ್ಕೆ ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿದ್ದ. ಇಂಜಿನ್ನಿನ ತಲೆಯನ್ನು, ಅಂದರೆ ಹೆಡ್ಡನ್ನು, ಹೊರಗಿನಿಂದ ಮುಖ ಕಾಣುವ ಹಾಗೆ ಉಜ್ಜಿದ್ದ. ಒಳಗೆ ಕಟ್ಟಿದ್ದ ಮಸಿ ಯಾರಿಗೆ ಕಾಣುತ್ತದೆಂದು ಹಾಗೇ ಮುಚ್ಚಿ ಬಿಗಿದಿದ್ದ. ಬಿಗಿದ ಮೇಲೆ ಮರೆತಿದ್ದ.

ಮುಂಜಾನೆ ಒಬ್ಬನೇ ಹೋಗಿ ಏರು ಹತ್ತಿಸಿ ನೋಡಿದ. ಅರ್ಧ ಏರಿಗೆ ಇಂಜಿನ್ನಿನ ಹೊಟ್ಟೆಯಿಂದ ಟಕ ಟಕ ಟಕ ಎಂದು ಸದ್ದು ಬಂತು. ಡಬ್ಬಿಯಲ್ಲಿ ಹುಣಸೆಬೀಜ ಹಾಕಿ ಅಲ್ಲಾಡಿಸಿದ ಹಾಗೆ.

ಬಂಕಿನವನು, ತೊಂಬತ್ತೈದು ಆಕ್ಟೇನಿನ ಪೆಟ್ರೋಲು ಹಾಕು, ಸದ್ದು ಅಡಗುತ್ತದೆ ಎಂದ. ಅಲ್ಲೇ ನಿಂತಿದ್ದ ಲಾಯರೊಬ್ಬ, ನೂರರದು ಹಾಕಿದರೆ ಕತ್ತೆಯೂ ಕುದುರೆಯಾಗುತ್ತದೆ ಎಂದ. ಶೆಡ್ಡಿನ ಎದುರಿನ ಟೀ ಅಂಗಡಿಯ ರತ್ನಕ್ಕ, “ನಮ್ಮೆಜಮಾನ್ರು ತೊಂಬತ್ತೊಂದರ ಮಾಮೂಲೇ ಹಾಕ್ಕೊಂಡು ಮೂರು ಮಕ್ಕಳನ್ನ ಓದಿಸಿದ್ರು” ಎಂದಳು. ಓಬಳೇಶನಿಗೆ ಆ ನಂಬರುಗಳೆಲ್ಲ ಪರೀಕ್ಷೆಯ ಅಂಕಗಳಂತೆ ಕಂಡವು. ನೂರು ಬಂದವನೇ ಜಾಣ ಎಂಬುದು ಅವನಿಗೆ ಗೊತ್ತಿದ್ದ ಲೆಕ್ಕ. ಆದರೆ ಗುರುಗಳ ಹೊಂಗೆ ಎಣ್ಣೆಗೆ ಎಷ್ಟು ಅಂಕ? ಅದು ಹೇಗೆ ಪಾಸಾಯಿತು? ಏರಿನ ಟಕಟಕವನ್ನೂ ಈ ನಂಬರುಗಳನ್ನೂ ಗುರುಗಳ ಮುಂದೆ ಹೇಳಿಕೊಂಡ.

“ಆ ನಂಬರು ಏನು ಹೇಳುತ್ತದೆ, ಗೊತ್ತೇನೋ?” ಎಂದರು ಕಾಳಾಚಾರ್.

“ಶಕ್ತಿ, ಗುರುಗಳೇ.”

“ಅಲ್ಲ. ತಾಳ್ಮೆ. ಪಿಸ್ಟನ್ನು ಮೇಲೆ ಬಂದು ಮುಟ್ಟುವ ತನಕ ತಾನಾಗಿ ಹೊತ್ತಿಕೊಳ್ಳದೆ ಕಾಯುವ ತಾಳ್ಮೆ.”

ಓಬಳೇಶ ಇನ್ನಷ್ಟು ಗೊಂದಲಕ್ಕೆ ಬಿದ್ದ. ಕಡ್ಡಿ ಗೀರಿದರೆ ಭಗ್ ಎನ್ನುವ ವಸ್ತುವಿಗೆ ಎಲ್ಲಿಯ ತಾಳ್ಮೆ? ಕಾಳಾಚಾರ್ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ವ್ಯಾಪಾರಿ. ಅವನಿಗೊಬ್ಬಳು ತಾಯಿ. ಮುದುಕಿಯ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಆದರೂ ನಾಗರ ಪಂಚಮಿ ಬಂತೆಂದರೆ ಜೋಕಾಲಿ ಆಡಲೇಬೇಕು. ವ್ಯಾಪಾರಿ ಊರಿಗೇ ದೊಡ್ಡ ಹುಣಸೆಮರಕ್ಕೆ ಜೋಕಾಲಿ ಕಟ್ಟಿಸಿದ. ಅತ್ತ ಹೋದಾಗ ಮುದುಕಿಗೆ ಹೊಸದುರ್ಗ ಕಾಣುತ್ತಿತ್ತು, ಇತ್ತ ಬಂದಾಗ ಹಿರಿಯೂರು ಕಾಣುತ್ತಿತ್ತು. ನಾನೇ ಕಣ್ಣಾರೆ ಕಂಡಿದ್ದೇನೆ ಎಂದರು ಕಾಳಾಚಾರ್.

ನೂಕಲು ವ್ಯಾಪಾರಿ ಒಬ್ಬ ಆಳನ್ನು ಇಟ್ಟ. ಆಳು ಆತುರದವನು. ಜೋಕಾಲಿ ಹಿಂದಕ್ಕೆ ಬಂದು ನಿಲ್ಲುವ ತನಕ ಕಾಯುತ್ತಿರಲಿಲ್ಲ. ಅದು ಇನ್ನೂ ಬರುತ್ತಿರುವಾಗಲೇ ಎದುರು ನೂಕುತ್ತಿದ್ದ. ಬರುವ ಭಾರಕ್ಕೂ ನೂಕುವ ಕೈಗೂ ಡಿಕ್ಕಿ. ಮುದುಕಿಯ ಹಲ್ಲು ಕಟಕಟ ಎನ್ನುತ್ತಿದ್ದವು. ವ್ಯಾಪಾರಿ ಅವನನ್ನು ಬಿಡಿಸಿ ತಾಳ್ಮೆಯವನೊಬ್ಬನನ್ನು ತಂದ. ಅವನಿಗೆ ಕೂಲಿ ಹೆಚ್ಚು. ಅವನು ಜೋಕಾಲಿ ಬಂದು, ತುದಿ ಮುಟ್ಟಿ, ಇನ್ನು ಹೊರಡಬೇಕು ಎನ್ನುವಾಗ ನೂಕುತ್ತಿದ್ದ. ಕಟಕಟ ನಿಂತಿತು.

ಪಕ್ಕದ ಮನೆಯಲ್ಲಿ ಒಬ್ಬ ರೈತ. ಅವನ ಜೋಕಾಲಿ ಹಿತ್ತಲ ಬೇವಿನ ಮರದ್ದು, ಗಿಡ್ಡ ಹಗ್ಗದ್ದು. ಅದನ್ನು ಯಾರು ನೂಕಿದರೂ ನಡೆಯುತ್ತಿತ್ತು. ಆದರೆ ವ್ಯಾಪಾರಿಯ ಮನೆಯ ಆಳೇ ತನಗೂ ಬೇಕೆಂದು ಹಟ ಹಿಡಿದು, ಹೆಚ್ಚು ಕೂಲಿ ಕೊಟ್ಟು ಕರೆಸಿದ. ಆಳು ಬಂದ, ನೂಕಿದ. ನಿನ್ನೆ ಎಷ್ಟು ಹೋಗಿತ್ತೋ ಇಂದೂ ಅಷ್ಟೇ ಹೋಯಿತು.

“ಇಷ್ಟೇನಾ?” ಎಂದ ರೈತ.

“ನಿಮ್ಮ ಹಗ್ಗ ಇರೋದೇ ಇಷ್ಟು, ಯಜಮಾನ್ರೇ” ಎಂದ ಆಳು.

ಪಂಚಮಿ ಕಳೆದರೆ ಎಲ್ಲರೂ ಜೋಕಾಲಿ ಬಿಚ್ಚುತ್ತಾರೆ. ಮುದುಕಿ ಬಿಚ್ಚಲು ಬಿಡಲಿಲ್ಲ. ಶ್ರಾವಣ ಹೋಯಿತು, ದಸರೆ ಹೋಯಿತು. ದೀಪಾವಳಿಯ ಹೊತ್ತಿಗೆ ಮತ್ತೆ ಕಟಕಟ ಶುರುವಾಯಿತು. ತಾಳ್ಮೆಯ ಆಳೇ ಆತುರಪಟ್ಟು ನೂಕುತ್ತಿದ್ದ. ವ್ಯಾಪಾರಿ ಅವನನ್ನೂ ಓಡಿಸಿ, ಹಂಪೆಯ ಗವಿಯಿಂದ ಒಬ್ಬ ಬೈರಾಗಿಯನ್ನು ಕರೆಸಿದ. ಮೈಮೇಲೆ ಹುತ್ತ ಬೆಳೆದರೂ ಕದಲದವನು. ಅವನ ಗಡ್ಡದಲ್ಲಿ ಗುಬ್ಬಿ ಮರಿ ಮಾಡಿ, ಆ ಮರಿ ಮತ್ತೆ ಮರಿ ಮಾಡಿತ್ತು. ಅಂಥ ಬೈರಾಗಿ ಒಂದು ದಿನ ಸರಿಯಾಗಿ ನೂಕಿದ. ಮರುದಿನ ಅವನೂ ಕಾಲೆತ್ತಿ ಕುಣಿಯುತ್ತ, ಬರುವ ಜೋಕಾಲಿಗೆ ಎದುರು ಕೈಯೊಡ್ಡಿದ.

ವ್ಯಾಪಾರಿ ಬೈದ. ಬೈರಾಗಿ ಕಾಲು ಕೆರೆದುಕೊಳ್ಳುತ್ತ ನೆಲ ತೋರಿಸಿದ. ಮುದುಕಿ ಜೋಕಾಲಿಯಲ್ಲಿ ಕೂತು ದಿನವೂ ಎಳ್ಳುಂಡೆ ತಿನ್ನುತ್ತಿದ್ದಳು. ಪುಡಿಯೆಲ್ಲ ಕೆಳಗೆ ಬೀಳುತ್ತಿತ್ತು. ಬಿದ್ದ ಪುಡಿಗೆ ಕಟ್ಟಿರುವೆ ಮುತ್ತಿ, ನೂಕುವವನ ಪಾದ ಕಚ್ಚುತ್ತಿದ್ದವು. ಇರುವೆ ಕಚ್ಚುವಾಗ ಯಾವ ತಪಸ್ಸು ನಿಂತೀತು? ವ್ಯಾಪಾರಿ ಪೊರಕೆ ತಂದು ಗುಡಿಸಿದ. ಬೈರಾಗಿ ಗವಿಗೆ ಹೋದ. ತಾಳ್ಮೆಯ ಆ ಹಳೆಯ ಆಳೇ ಸಾಕಾದ.

ಕಾಳಾಚಾರ್ ಕತೆ ನಿಲ್ಲಿಸಿ ಗಾಡಿಯ ಕಡೆ ನೋಡಿದರು. ಓಬಳೇಶನೂ ನೋಡಿದ. ಅವನಿಗೆ ಏನೂ ಹೊಳೆಯಲಿಲ್ಲ. ತನ್ನ ಗಾಡಿ ವ್ಯಾಪಾರಿಯದೋ, ರೈತನದೋ? ನೂರರ ಪೆಟ್ರೋಲು ಎಂದರೆ ಆಳೋ, ಬೈರಾಗಿಯೋ? ಸಂಜೆಗೆ ಏರು ಹತ್ತಬೇಕು, ಕ್ಯಾನು ಖಾಲಿ ಇದೆ, ಮನೆಯಲ್ಲಿ ಬೋರ್ಡು ಗೋಡೆ ನೋಡುತ್ತಿದೆ, ಇವರು ಮುದುಕಿಗೆ ಎಳ್ಳುಂಡೆ ತಿನ್ನಿಸುತ್ತಿದ್ದಾರೆ. ಅವನಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಒಂದು ಎಳೆ ಕೈಗೆ ಸಿಕ್ಕಿತು.

“ಗುರುಗಳೇ, ಮುದುಕಿಗೆ ಒಂದು ಹಲ್ಲೂ ಇರಲಿಲ್ಲ ಅಂದ್ರಿ. ಮತ್ತೆ ಹಲ್ಲು ಕಟಕಟ ಅಂದದ್ದು ಹೇಗೆ?”

ಟೀ ಲೋಟ ತೆಗೆದುಕೊಳ್ಳಲು ಬಂದಿದ್ದ ರತ್ನಕ್ಕ ಕೈ ತಟ್ಟಿ ನಕ್ಕಳು. “ಸಿಕ್ಕಿಬಿದ್ರಲ್ಲ ಆಚಾರ್ರೇ! ಇವತ್ತು ಸಾಕ್ಷಿ ಹೇಳೋಕೆ ಬೋರಯ್ಯನೂ ಇಲ್ಲ!”

ಕಾಳಾಚಾರ್ ಭುಜ ಕುಣಿಸಿದರು. ಪಕ್ಕದಲ್ಲಿದ್ದ ಗಾಡಿಯ ಹೊಳೆಯುವ ಹೆಡ್ಡಿನ ಮೇಲೆ ಬೆರಳಿಂದ ಒಮ್ಮೆ ತಟ್ಟಿದರು.

“ಹಲ್ಲೇ ಇರಲಿಲ್ಲ ಅಂದಮೇಲೆ, ಆ ಸದ್ದು ಎಲ್ಲಿಂದ ಬಂತು ಅಂತ ಬಿಚ್ಚಿ ನೋಡಬೇಕಾದವನು ನೀನಲ್ಲವೇನಪ್ಪ, ಮೇಸ್ತ್ರಿ?”

ಓಬಳೇಶನಿಗೆ ಹೆಡ್ಡಿನೊಳಗೆ ಮುಚ್ಚಿ ಬಿಗಿದಿದ್ದ ಮಸಿ ನೆನಪಾಯಿತು. ಕೈಯಲ್ಲಿದ್ದ ಖಾಲಿ ಕ್ಯಾನನ್ನು ಕೆಳಗಿಟ್ಟ.