ನಲವತ್ತನಾಲ್ಕನೆಯ ಪುಸ್ತಕ

ನದಿದಂಡೆಯ ಆ ಆಶ್ರಮದಲ್ಲಿ ಕಾಗದದ ಕೊಕ್ಕರೆ ಮಾಡಲು ಬಾರದವರು ಯಾರೂ ಇರಲಿಲ್ಲ. ಅಡುಗೆಮನೆಯ ಸಾವಂತ್ರಮ್ಮನಿಗೂ ಬರುತ್ತಿತ್ತು. ಎಲ್ಲ ಗುರು ಸಿದ್ಧವೀರಯ್ಯನವರ ಕೃಪೆ.

ಅವರು ಕಲಿಸುತ್ತಿದ್ದದ್ದು ಒರಿಗಾಮಿ ಎಂಬ ಕಾಗದ ಮಡಿಸುವ ಕಲೆಯೋ ಧ್ಯಾನವೋ ಹೇಳುವುದು ಕಷ್ಟ. ಕೇಳಿದರೆ, "ಒಂದು ಚೌಕದ ಕಾಗದ ಕೊಡ್ತೀನಿ. ಕತ್ತರಿ ಕೊಡಲ್ಲ, ಅಂಟು ಕೊಡಲ್ಲ. ಆಮೇಲೆ ನಿಮ್ಮಿಷ್ಟ" ಎಂದುಬಿಡುತ್ತಿದ್ದರು.

ಚಂಪಕಾ ಅವರ ಶಿಷ್ಯೆ. ಆರು ವರ್ಷದಿಂದ ಅಲ್ಲೇ ಇದ್ದಳು. ಒರಿಗಾಮಿ ಪುಸ್ತಕಗಳ ಕಪಾಟು ಅವಳ ಸುಪರ್ದಿಗೆ ಸೇರಿದ್ದು. ಅವಳು ಬಂದಾಗ ಅದರಲ್ಲಿ ಮೂರೇ ಪುಸ್ತಕಗಳಿದ್ದವು, ಈಗ ನಲವತ್ತಮೂರು. ಅವಳು ತಂದ ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ. ಯಾರಾದರೂ ಪುಟದ ಮೂಲೆ ಮಡಿಸಿದರೆ ಮುಗಿಯಿತು, ಅವರ ಗ್ರಹಚಾರ ಬಿಡಿಸುತ್ತಿದ್ದಳು. ದಿನವಿಡೀ ಕಾಗದ ಮಡಿಸುವ ಆಶ್ರಮದಲ್ಲಿ ಕಾಗದ ಮಡಿಸಬಾರದು ಎಂಬ ನಿಯಮ ಅದೊಂದು ಕಪಾಟಿಗೆ ಮಾತ್ರ.

ಆ ವರ್ಷ ಗುರುಗಳ ಬೆರಳುಗಳು ನಡುಗತೊಡಗಿದವು. ಭಾನುವಾರ ಊರಿನಿಂದ ಬರುವ ಮಕ್ಕಳಿಗೆ ಕಲಿಸಲು ಬೇರೆಯವರು ಬೇಕಾಯಿತು.

ಆ ತರಗತಿ ತನಗೇ ಸಿಗಬೇಕೆಂದು ಚಂಪಕಾಗೆ ಬಹಳ ಆಸೆ. ಎಷ್ಟೆಂದರೆ, ಮಕ್ಕಳ ಹೆಸರುಗಳನ್ನೆಲ್ಲ ಆಗಲೇ ಬಾಯಿಪಾಠ ಮಾಡಿಕೊಂಡಿದ್ದಳು.

ಒಂದು ಬೆಳಿಗ್ಗೆ ಧೈರ್ಯ ಮಾಡಿ ಕೇಳಿದಳು.

"ಗುರುಗಳೇ, ಮಕ್ಕಳ ತರಗತಿ ನನಗೆ ಕೊಡ್ತೀರಾ?"

ಗುರುಗಳು ಕಪಾಟಿನ ಕಡೆ ನೋಡಿದರು. "ಅಲ್ಲಿ ಇನ್ನೊಂದು ಪುಸ್ತಕಕ್ಕೆ ಜಾಗ ಇದ್ದ ಹಾಗಿದೆ."

"ಇದೆ. ಒಂದಕ್ಕೆ ಮಾತ್ರ."

"ಅದನ್ನ ನೀನೇ ಆರಿಸಿ ತಾ. ಆಮೇಲೆ ನೋಡೋಣ."

"ತಪ್ಪಾಗಿ ಆರಿಸಿದ್ರೆ?"

"ಯುಗಾದಿ ತನಕ ಟೈಮಿದೆ. ಆಗಲೂ ಆಗಲಿಲ್ಲ ಅಂದ್ರೆ ತರಗತಿ ನಿಲ್ಲಿಸಿಬಿಡೋಣ. ಮಕ್ಕಳು ಹೊಳೇಲಿ ಈಜು ಹೊಡ್ಕೊಂಡು ಇರ್ತಾರೆ."

ಪುಸ್ತಕ ಆರಿಸುವುದೆಂದರೆ ಚಂಪಕಾಗೆ ನೀರು ಕುಡಿದಷ್ಟು ಸುಲಭ. ಹಾಗೆಂದು ಅವಳು ತಿಳಿದಿದ್ದಳು.

ಮೊದಲು ತಂದದ್ದು ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಹಡಗಿನಲ್ಲಿ ಬಂದದ್ದು. ಒಳಗೆ ಕೊಂಬಿನ ಜೀರುಂಡೆ, ಆರು ಕಾಲಿನ ಇರುವೆ, ಹೆಡೆಯೆತ್ತಿದ ನಾಗ. ಒಂದೊಂದಕ್ಕೂ ಇನ್ನೂರು ಮುನ್ನೂರು ಹಂತ.

ಗುರುಗಳು ಪುಟ ತಿರುವಿದರು. "ಅಬ್ಬಾ! ಇದರಲ್ಲಿ ನೀನು ಯಾವುದು ಮಾಡಿದೆ?"

"ಇನ್ನೂ ಯಾವುದೂ ಇಲ್ಲ. ಇಂಥದ್ದೊಂದು ಇರಬೇಕು ಅಂತ ತಂದೆ."

ಹೊಳೆಯ ಕಡೆಯಿಂದ ಗಾಳಿ ಬಂತು. ಚಾಪೆಯ ಮೇಲಿದ್ದ ಬಣ್ಣದ ಕಾಗದಗಳು ಹಾರತೊಡಗಿದವು. ಗುರುಗಳು ಅವನ್ನು ಒಟ್ಟುಮಾಡಿ, ಮೇಲೆ ಆ ಪುಸ್ತಕವನ್ನು ಇಟ್ಟರು.

"ಒಳ್ಳೇ ಪುಸ್ತಕ" ಎಂದರು. "ಗಾಳಿಗೆ ಜಗ್ಗಲ್ಲ."

ಎರಡನೆಯ ಪುಸ್ತಕಕ್ಕೆ ಚಂಪಕಾ ಹದಿನೈದು ದಿನ ಹುಡುಕಿದಳು. ಯಾರು ಯಾರು ಏನು ಬರೆದಿದ್ದಾರೆ, ಎಷ್ಟು ನಕ್ಷತ್ರ ಕೊಟ್ಟಿದ್ದಾರೆ, ಎಲ್ಲ ಫೋನಿನಲ್ಲಿ ಓದಿದಳು. ತಂದು ಗುರುಗಳ ಮುಂದಿಟ್ಟು ಹೇಳಿದಳು:

"ಇದನ್ನ ನಾಲ್ಕು ಸಾವಿರ ಜನ ಮೆಚ್ಚಿದ್ದಾರೆ."

"ಅದರಲ್ಲಿ ನೀನು ಎಷ್ಟನೆಯವಳು?"

"ನಾನು... ಇನ್ನೂ ಬಿಚ್ಚಿ ನೋಡಿಲ್ಲ."

"ಹಾಗಾದ್ರೆ ಇದು ಅವರದ್ದು. ವಾಪಸ್ ಕೊಟ್ಟು ಬಾ."

ಚಂಪಕಾಗೆ ರೇಗಿತು. ಯುಗಾದಿಗೆ ಇನ್ನು ಎರಡು ವಾರವೂ ಉಳಿದಿರಲಿಲ್ಲ. "ಒಳ್ಳೇ ಪುಸ್ತಕ ಅಂತ ಗುರುತಿಸೋದು ಹೇಗೆ? ಅದನ್ನಾದ್ರೂ ಹೇಳಿ ಗುರುಗಳೇ. ಇಷ್ಟು ದಿನ ನಾನು ತಂದಿದ್ದೆಲ್ಲ ಪುಸ್ತಕದ ಬದನೆಕಾಯೇನಾ?"

ಗುರುಗಳು ಎದ್ದು ಕಪಾಟಿನಿಂದ ಒಂದು ಪುಸ್ತಕ ತೆಗೆದರು. ಅದರ ಬೆನ್ನನ್ನು ನೆಲಕ್ಕೆ ಊರಿ, ಎರಡೂ ಕೈ ಬಿಟ್ಟರು.

ಪುಸ್ತಕ ತೆರೆದುಕೊಳ್ಳಲಿಲ್ಲ. ಬಿಗಿಯಾಗಿ ಮುಚ್ಚಿಕೊಂಡೇ ಪಕ್ಕಕ್ಕೆ ಉರುಳಿತು.

ಇನ್ನೊಂದು ತೆಗೆದರು. ಅದೂ ಹಾಗೇ ಉರುಳಿತು. ಮತ್ತೊಂದು, ಮಗದೊಂದು. ಪ್ಲಾಸ್ಟಿಕ್ ಹೊದಿಕೆಯ ಹತ್ತು ಹನ್ನೆರಡು ಪುಸ್ತಕಗಳು ಚಾಪೆಯ ಮೇಲೆ ಬಾಯಿ ಬಿಡದೆ ಮಲಗಿದವು.

ಕೊನೆಗೆ ಹಳೆಯ ಮೂರರಲ್ಲೊಂದನ್ನು ತೆಗೆದರು. ಅದಕ್ಕೆ ರಟ್ಟೇ ಇರಲಿಲ್ಲ. ಕೈ ಬಿಟ್ಟ ಕೂಡಲೇ ಅದು ತಾನಾಗಿ ನಡುವೆ ತೆರೆದುಕೊಂಡಿತು. ಗುರುಗಳು ಮುಚ್ಚಿ ಮತ್ತೆ ನಿಲ್ಲಿಸಿದರು. ಮತ್ತೆ ಅದೇ ಪುಟ.

ಚಂಪಕಾ ಬಗ್ಗಿ ನೋಡಿದಳು. ಅದು ಮುಚ್ಚಳವಿರುವ ಒಂದು ಡಬ್ಬಿಯ ಚಿತ್ರ. ಪುಟದ ತುಂಬ ಬೆರಳಿನ ಗುರುತು. ಒಂದು ಕಡೆ ಕಾಫಿಯ ಕಲೆ.

"ಈ ಪುಟದಲ್ಲಿ ಇಷ್ಟು ಹೊತ್ತು ಕೂತಿದ್ದು ಯಾರು?"

"ನಾನೇ. ಮೂವತ್ತು ವರ್ಷ ಆಯ್ತು." ಗುರುಗಳು ಆ ಪುಟವನ್ನು ಸವರಿದರು. "ಮುಚ್ಚಳ ಕೂರ್ತಾನೇ ಇರಲಿಲ್ಲ ಕಣಮ್ಮ."

ಅಷ್ಟು ಹೇಳಿ ಊಟಕ್ಕೆ ಹೋದರು.

ಚಂಪಕಾಗೆ ಅಂದು ಊಟ ಸೇರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ, ಅದರ ಜಾಗದಲ್ಲಿ ಕುತೂಹಲ ಬಂದು ಕೂತಿತ್ತು. ಬೇರೆಯವರ ಪುಸ್ತಕಗಳು ಎಲ್ಲಿ ತೆರೆದುಕೊಳ್ಳುತ್ತವೆ?

ಮರುದಿನ ಪೇಟೆಗೆ ಹೋದಳು. ಹಳೇ ಪುಸ್ತಕದ ಅಂಗಡಿಯಲ್ಲಿ ನೆಲದ ಮೇಲೆ ಕುಳಿತು, ಕೈಗೆ ಸಿಕ್ಕಿದ್ದನ್ನೆಲ್ಲ ಬೆನ್ನ ಮೇಲೆ ನಿಲ್ಲಿಸಿ ಕೈ ಬಿಡತೊಡಗಿದಳು. ಅಡುಗೆ ಪುಸ್ತಕವೊಂದು ಮೈಸೂರುಪಾಕಿನ ಪುಟಕ್ಕೆ ತೆರೆದುಕೊಂಡಿತು. ಯಾರದೋ ಮನೆಯಲ್ಲಿ ಅದು ಮಾಡಿದಾಗಲೆಲ್ಲ ಗಟ್ಟಿಯಾಗಿರಬೇಕು ಎಂದು ಅವಳಿಗೆ ನಗು ಬಂತು.

ಅಂಗಡಿಯವನು ಇಣುಕಿದ. "ಏನಕ್ಕಾ, ಶಕುನ ನೋಡ್ತಾ ಇದ್ದೀರಾ?"

"ಒರಿಗಾಮಿ ಪುಸ್ತಕ ಇದೆಯಾ?"

"ಕಾಗದ ಮಡಿಸೋದಾ? ಒಂದಿದೆ. ರಟ್ಟಿಲ್ಲ, ಹೆಸರಿಲ್ಲ, ಜಪಾನಿ ಅಕ್ಷರ. ಯಾರೂ ಮುಟ್ಟಲ್ಲ."

ಚಂಪಕಾ ಅದನ್ನು ನಿಲ್ಲಿಸಿ ಕೈ ಬಿಟ್ಟಳು. ಅದು ಮಿಂಚುಳ್ಳಿಯ ಪುಟಕ್ಕೆ ತೆರೆದುಕೊಂಡಿತು.

ಇಪ್ಪತ್ತೆರಡು ಚಿತ್ರಗಳು. ಹದಿನೇಳನೆಯ ಚಿತ್ರದ ಸುತ್ತ ಕಾಗದ ತೆಳ್ಳಗಾಗಿತ್ತು. ಯಾರೋ ಪೆನ್ಸಿಲಿನಲ್ಲಿ ಏನೇನೋ ಗೀಚಿ, ಅಳಿಸಿ, ಮತ್ತೆ ಗೀಚಿ ಅಳಿಸಿದ್ದರು. ಕೊನೆಗೆ ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿ ಬಿಟ್ಟಿದ್ದರು.

ಯಾರಿರಬಹುದು? ಇಲ್ಲಿ ಅವರಿಗೆ ಏನಾಯಿತು? ಅದನ್ನು ತಿಳಿಯದೆ ಆಶ್ರಮಕ್ಕೆ ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆಯೇ ಕಾಗದ ತೆಗೆದಳು.

ಹದಿನಾರರವರೆಗೆ ಹಕ್ಕಿ ಹೇಳಿದ ಮಾತು ಕೇಳಿತು. ಹದಿನೇಳರಲ್ಲಿ ಕುತ್ತಿಗೆ ಹರಿಯಿತು.

ಇನ್ನೊಂದು ಕಾಗದ ತೆಗೆದಳು. ಅದೂ ಹರಿಯಿತು. ಎರಡು ಬಸ್ಸು ಬಂದು ಹೋದವು.

ಆಶ್ರಮಕ್ಕೆ ಬಂದ ಮೇಲೂ ಬಿಡಲಿಲ್ಲ. ತನ್ನ ಕೈಯೇ ಸರಿಯಿಲ್ಲವೇನೋ ಎಂದುಕೊಂಡಳು. ಕಾಗದ ದಪ್ಪವಾಯಿತೇನೋ ಎಂದುಕೊಂಡು ತೆಳು ಕಾಗದ ತಂದಳು. ಎಂಟು ದಿನ ಅವಳ ಕೋಣೆಯಲ್ಲಿ ಕುತ್ತಿಗೆ ಹರಿದ ಮಿಂಚುಳ್ಳಿಗಳ ರಾಶಿ ಬಿತ್ತು. ಸಾವಂತ್ರಮ್ಮ ಅವನ್ನು ಬಾಚಿಕೊಂಡು ಹೋಗಿ ಒಲೆ ಹಚ್ಚುತ್ತಿದ್ದಳು.

ಒಂಬತ್ತನೆಯ ದಿನ ಚಂಪಕಾ ಚಿತ್ರ ನೋಡುವುದನ್ನು ಬಿಟ್ಟು ಕಾಗದವನ್ನು ನೋಡಿದಳು. ಅದು ಯಾವ ಕಡೆ ಹೋಗಲು ಬಯಸುತ್ತಿದೆ? ಬೆರಳು ಸಡಿಲ ಬಿಟ್ಟಳು. ಮಡಿಕೆ ಮುಂದಕ್ಕೆ ಬರಲಿಲ್ಲ, ಮೆಲ್ಲಗೆ ಹಿಂದಕ್ಕೆ ಸರಿಯಿತು. ಹಾಗೇ ಹಿಂದಕ್ಕೆ ಮಡಿಸಿದಳು.

ಉದ್ದನೆಯ ಕೊಕ್ಕು ಹೊರಗೆ ಬಂತು.

ಚಂಪಕಾ ಜೋರಾಗಿ ಕೂಗಿಬಿಟ್ಟಳು. ಅಷ್ಟು ಸಂತೋಷ ನಲವತ್ತಮೂರು ಪುಸ್ತಕ ಜೋಡಿಸಿದಾಗಲೂ ಅವಳಿಗೆ ಆಗಿರಲಿಲ್ಲ.

ಆದರೆ ಸಂಜೆ ಗುರುಗಳ ಹತ್ತಿರ ಹೋಗುವಾಗ ಅವಳ ಮುಖ ಬಾಡಿತ್ತು. ಯುಗಾದಿಗೆ ಮೂರು ದಿನ ಇತ್ತು.

"ಪುಸ್ತಕ ಸಿಕ್ತಾ?"

"ಸಿಕ್ತು. ಆದ್ರೆ ಇದನ್ನ ಕಪಾಟಿಗೆ ಇಡೋಕಾಗಲ್ಲ ಗುರುಗಳೇ."

"ಯಾಕೆ?"

"ಇದ್ರಲ್ಲಿ ತಪ್ಪಿದೆ. ಹದಿನೇಳನೇ ಚಿತ್ರ ನೋಡಿ. ಕಾಗದವನ್ನ ಹಿಂದಕ್ಕೆ ಮಡಿಸಬೇಕು, ಗೆರೆ ಮಾತ್ರ ಮುಂದಕ್ಕೆ ಅಂತ ಅಚ್ಚಾಗಿದೆ. ಪಾಪ, ಹಿಂದೆ ಇದನ್ನ ಇಟ್ಕೊಂಡಿದ್ದವರು ಯಾರೋ ಇಲ್ಲೇ ಸೋತುಹೋಗಿದ್ದಾರೆ."

"ತಪ್ಪು ಅಂತ ನಿನಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಮಡಿಸಿ ನೋಡಿದೆ."

"ಹೌದಾ? ಹಾಗಾದ್ರೆ ನಮ್ಮ ಕಪಾಟಿನ ನಲವತ್ತಮೂರರಲ್ಲಿ ಎಷ್ಟು ತಪ್ಪಿವೆ?"

ಯಾವ ಪುಸ್ತಕ ಯಾವ ದೇಶದ್ದು, ಯಾವ ವರ್ಷದ್ದು, ಎಲ್ಲಿಂದ ತಂದದ್ದು ಎಂದು ಕೇಳಿದ್ದರೆ ಚಂಪಕಾ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದಳು.

"ಗೊತ್ತಿಲ್ಲ" ಎಂದಳು. ಅವಳಿಗೆ ನಾಚಿಕೆಯಾಯಿತು. ತರಗತಿ ಕೈತಪ್ಪಿತು ಎಂದು ಅಲ್ಲೇ ನಿಶ್ಚಯಿಸಿಕೊಂಡಳು.

ಗುರುಗಳು ಅವಳು ತಂದಿದ್ದ ಮಿಂಚುಳ್ಳಿಯನ್ನು ಅಂಗೈ ಮೇಲಿಟ್ಟುಕೊಂಡರು. ಕೈ ನಡುಗುತ್ತಿತ್ತು, ಹಕ್ಕಿಯೂ ನಡುಗಿತು.

"ಭಾನುವಾರ ಮಕ್ಕಳ ಮುಂದೆ ಈ ಪುಸ್ತಕವನ್ನೇ ಇಡು" ಎಂದರು.

"ನಾನಾ? ನಾನು ಕಲಿಸಲಾ?"

"ಇನ್ಯಾರು?"

ಅವಳ ಕಣ್ಣು ತುಂಬಿ ಬಂತು. ಗುರುಗಳ ಕಾಲು ಮುಟ್ಟಿ ನಮಸ್ಕರಿಸಿದಳು. ಆಮೇಲೆ ಅವಸರ ಅವಸರವಾಗಿ ಪುಸ್ತಕವನ್ನು ಮಿಂಚುಳ್ಳಿಯ ಪುಟಕ್ಕೆ ತೆರೆದು, ಪೆನ್ಸಿಲ್ ಕೈಗೆತ್ತಿಕೊಂಡಳು.

"ಹಾಗಾದ್ರೆ ಮೊದಲು ಈ ಗೆರೆ ತಿದ್ದಿಬಿಡ್ತೀನಿ ಗುರುಗಳೇ. ಪಾಪ, ಮಕ್ಕಳಿಗೆ ಕಷ್ಟ ಆಗುತ್ತೆ."

ಗುರುಗಳು ಕೈಚಾಚಿ ಅವಳ ಪೆನ್ಸಿಲ್ ತೆಗೆದುಕೊಂಡರು.

"ಬೇಡ ತಾಯಿ. ನಿನಗೆ ಸಿಕ್ಕಿದ್ದು ಅವರಿಗೂ ಸಿಗಲಿ."