ಕವಲುದಾರಿಯ ಗುರುತು

ಮರಕ್ಕೆ ಕಟ್ಟಿದ ಕ್ಯಾಮೆರಾದ ಕಣ್ಣಿಗೆ ಬೀಳಬಾರದೆಂದು ಚಿರತೆಯೊಂದು ದಿನವೂ ಮುಳ್ಳುಪೊದೆಯಲ್ಲೇ ನುಸುಳುತ್ತಿತ್ತು. ಆದರೂ ಅದಕ್ಕೆ ನೆಮ್ಮದಿಯಿರಲಿಲ್ಲ.

“ನಾನು ಊರಿನ ಮೇಕೆ ತಿನ್ನುವುದು ಕ್ಯಾಮೆರಾ ಕಟ್ಟಿದವರಿಗೆ ಹೇಗೆ ತಿಳಿಯಿತು? ದೊಡ್ಡಿಗೆಲ್ಲ ತಂತಿಬೇಲಿ ಹಾಕಿಸಿದ್ದಾರೆ,” ಎಂದು ದಾರಿಯಲ್ಲಿ ಸಿಕ್ಕ ಸಗಣಿಹುಳವನ್ನು ಕೇಳಿತು.

“ನೀವೇ ತಿಳಿಸಿದಿರಿ, ಸ್ವಾಮಿ. ಇದು ನನ್ನ ಸೀಮೆ ಎಂದು ಸಾರಲು ಕವಲುದಾರಿಯ ನಟ್ಟನಡುವೆ ಹಿಕ್ಕೆ ಹಾಕುತ್ತೀರಿ. ನನಗೆ ಸಿಗಬೇಕಾದದ್ದನ್ನು ಅವರು ಕಡ್ಡಿಯಲ್ಲೆತ್ತಿ ಪೊಟ್ಟಣ ಕಟ್ಟಿಕೊಂಡು ಹೋಗುತ್ತಾರೆ. ಅದರ ತುಂಬ ಮೇಕೆಯ ಕೂದಲು. ಕದ್ದು ತಿಂದಮೇಲೆ ಡಂಗುರ ಹೊಡೆದರೆ ಹೇಗೆ?”

“ಇನ್ನು ಮೇಲೆ ಪೊದೆಯಲ್ಲೇ ಮುಗಿಸುತ್ತೇನೆ,” ಎಂದಿತು ಚಿರತೆ.

ಕವಲು ತಲುಪುವಷ್ಟರಲ್ಲಿ ಬೇರೊಂದು ಚಿರತೆಯ ವಾಸನೆ ಮೂಗಿಗೆ ಬಡಿಯಿತು. ನಮ್ಮ ಚಿರತೆ ಪೊದೆಯತ್ತ ನೋಡಿತು, ಎರಡು ಸುತ್ತು ಸುತ್ತಿತು, ಕೊನೆಗೆ ದಾರಿಯ ನಡುವೆಯೇ ಕುಕ್ಕರಿಸಿತು.