ಎತ್ತಂಗಡಿ ಮಂತ್ರಿ ಕೆಂಚವ್ವ

ಒಂದಾನೊಂದು ಊರಿನಲ್ಲಿ ಕೆಂಚವ್ವ ಅಂತ ಒಬ್ಬ ಹೆಂಗಸಿದ್ದಳು. ಯಾವ ಊರು ಅಂತ ಮಾತ್ರ ಕೇಳಬೇಡಿ. ಆ ಊರು ಮೊದಲು ಹೊಳೆಯ ಮೂಡಣ ದಡದಲ್ಲಿತ್ತು, ಆಮೇಲೆ ಪಡುವಣ ದಡಕ್ಕೆ ಹೋಯಿತು, ಮತ್ತೆ ಮೂಡಣಕ್ಕೆ ಬಂತು. ಯಾಕೆ ಅಂತೀರಾ? ಕೇಳಿ.

ಆ ದೇಶದ ರಾಜ ಒಂದು ಮಧ್ಯಾಹ್ನ ಊಟಕ್ಕೆ ಕೂತ. ತಟ್ಟೆಯ ಪಕ್ಕ ನಿಂಬೆಹಣ್ಣು ಇಟ್ಟರು. ಅದು ಉರುಳಿಕೊಂಡು ಮೂಡಣಕ್ಕೆ ಹೋಯಿತು. ಎತ್ತಿ ಇಟ್ಟರು. ಮತ್ತೆ ಹೋಯಿತು.

“ದೇಶ ವಾಲಿದೆ!” ಅಂದ ರಾಜ. “ಮೂಡಣದಲ್ಲಿ ಜನ ಜಾಸ್ತಿಯಾಗಿದ್ದಾರೆ. ಈ ಹಣ್ಣು ನಿಲ್ಲೋವರೆಗೂ ನಾನು ಊಟ ಮುಗಿಸೋಲ್ಲ.”

ಕೂಡಲೇ ಒಬ್ಬ ಪುನರ್ವಸತಿ ಮಂತ್ರಿ ಆದ. ಜನ ಅವನನ್ನು ಎತ್ತಂಗಡಿ ಮಂತ್ರಿ ಅಂದರು. ಅವನು ಮೂಡಣದವರನ್ನೆಲ್ಲ ಪಡುವಣಕ್ಕೆ ಸಾಗಿಸಿದ. ಹಣ್ಣು ಮೂಡಣಕ್ಕೇ ಉರುಳಿತು.

ಎರಡನೇ ಮಂತ್ರಿ ಬಂದ. “ಮೂಡಣ ಖಾಲಿಯಾಯ್ತಲ್ಲ ಪ್ರಭು, ಪಾಪ, ಹಣ್ಣೇ ಅಲ್ಲಿ ವಾಸಕ್ಕೆ ಹೋಗ್ತಿದೆ,” ಅಂದ. ಎಲ್ಲರನ್ನೂ ವಾಪಸು ತಂದ. ಹಣ್ಣು ಮೂಡಣಕ್ಕೇ ಉರುಳಿತು.

ಮೂರನೆಯವನು ಬಲು ಬುದ್ಧಿವಂತ. ಒಂದೊಂದು ಮನೆಯಲ್ಲೂ ಅರ್ಧ ಜನ ಈ ದಡ, ಅರ್ಧ ಜನ ಆ ದಡ ಅಂದ. ಕೆಂಚವ್ವನ ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಮಗಳು ಚಿಕ್ಕತಾಯಿ. ಮಗಳು ಪಡುವಣದ ಪಾಲಾದಳು.

ಅದಾದ ಮೇಲೆ ನಾಲ್ಕನೆಯವನು ದಡ ಅದಲುಬದಲು ಮಾಡಿದ, ಐದನೆಯವನು ಮತ್ತೆ ಮಾಡಿದ, ಆರನೆಯವನು ಮತ್ತೂ ಮಾಡಿದ. ಪ್ರತಿ ಸಲವೂ ತಾಯಿಯ ದೋಣಿ ಆ ಕಡೆ, ಮಗಳ ದೋಣಿ ಈ ಕಡೆ. ನಡುಹೊಳೆಯಲ್ಲಿ ಒಂದು ಗಳಿಗೆ ಎದುರಾಗುತ್ತಿದ್ದರು.

“ಅವ್ವ, ಉಂಡ್ಯಾ?” ಅನ್ನುತ್ತಿದ್ದಳು ಮಗಳು.

“ಉಂಡೆ ಕಣವ್ವ, ನೀ...” ಅನ್ನುವಷ್ಟರಲ್ಲಿ ದೋಣಿ ದಾಟಿರುತ್ತಿತ್ತು. ಉತ್ತರಕ್ಕೆ ಹತ್ತು ವರ್ಷ ಕಾಯಬೇಕು.

ಹೀಗೆ ಅರವತ್ತು ವರ್ಷ. ರಾಜ ಮುದುಕ ಆಗಲಿಲ್ಲವೇ ಅಂತೀರಾ? ಊಟದ ಮಧ್ಯೆ ಯಾರಿಗಾದರೂ ವಯಸ್ಸಾಗುತ್ತದೆಯೇ! ಅವನ ಊಟ ಮುಗಿಯುವವರೆಗೂ ದೇಶದಲ್ಲಿ ಬೇರೆಯವರಿಗೂ ಆಗುವಂತಿರಲಿಲ್ಲ. ಸಾರು ಮಾತ್ರ ಆರಿತ್ತು.

ಕೆಂಚವ್ವನ ಮನೆಯಲ್ಲಿ ಒಂದು ಒರಳುಕಲ್ಲು ಇತ್ತು. ಅದಕ್ಕೆ ಬಾಯಿ ಜೋರು. ಮೊದಲ ಸಲ ಪಟ್ಟಿ ಬರೆಯಲು ಬಂದ ಗುಮಾಸ್ತ “ಮನೆಯಲ್ಲಿ ಯಾರಿದ್ದೀರಿ?” ಅಂದಾಗ “ನಾನಿವ್ನಿ” ಅಂತ ಮುಂಚೆ ಕೂಗಿದ್ದೇ ಅದು. ಗುಮಾಸ್ತ ಮನೆಯ ಯಜಮಾನ ಅಂತ ಅದರ ಹೆಸರನ್ನೇ ಬರೆದುಕೊಂಡ: ಒರಳಪ್ಪ.

ಆರನೇ ಮಂತ್ರಿಯೂ ಸೋತಾಗ ರಾಜ ಗುಡುಗಿದ: “ಜಾಗ ಬಿಟ್ಟು ಜಾಗಕ್ಕೆ ಹೋಗಿ ಅನುಭವ ಇರೋರನ್ನ ಕರೀರಿ!”

ಭಟರು ಪಟ್ಟಿ ನೋಡಿ, ಮೊದಲ ಹೆಸರೇ ಅದು ಅಂತ ಒರಳಪ್ಪನವರನ್ನು ಹುಡುಕಿಕೊಂಡು ಬಂದರು.

“ಮಂತ್ರಿಯಾಗಾಕೆ ನಂಗೆ ಪುರುಸೊತ್ತೆಲ್ಲೈತೆ?” ಅಂದಿತು ಒರಳು. “ನಾ ಹೋದ್ರೆ ಚಟ್ನಿ ರುಬ್ಬೋರ್ಯಾರು? ಇವಳ್ನ ಕರ್ಕೊಂಡೋಗಿ.”

ಹಾಗೆ ಕೆಂಚವ್ವ ಏಳನೇ ಮಂತ್ರಿಯಾದಳು.

ಅರಮನೆಯಲ್ಲಿ ಅವಳು ಹಣ್ಣನ್ನು ನೋಡಿದಳು. ಉರುಳಿತು. ರಾಜನನ್ನು ನೋಡಿದಳು. ಅವನು ತಟ್ಟೆಯ ಪಡುವಣಕ್ಕೆ ಕೂತಿದ್ದ.

“ಬುದ್ಧಿ, ಒಸಿ ಎದ್ದೇಳಿ. ಹಣ್ಣು ಹೋಗೋ ಕಡೆಗೇ ಹೋಗಿ ಕೂತ್ಕೊಳ್ಳಿ.”

“ನಾನಾ?” ರಾಜನ ಮುಖ ಬಿಳುಚಿತು. “ಇದು ನಮ್ಮಪ್ಪ ಕೂತಿದ್ದ ಜಾಗ ಕಣಮ್ಮ. ಇಲ್ಲಿಂದಲೇ ಕಿಟಕಿ ಕಾಣೋದು.”

“ಎರಡೇ ಮಾರು, ಬುದ್ಧಿ.”

ರಾಜ ತನ್ನ ಮಣೆ ಎತ್ತಿಕೊಂಡು ಎರಡು ಮಾರು ನಡೆದ. ಕೂತ. ಬಿಕ್ಕಿ ಬಿಕ್ಕಿ ಅತ್ತ. “ಇಲ್ಲಿ ನಂಗೆ ಯಾವ ಗೋಡೆಯೂ ಗುರುತಿಲ್ಲ,” ಅಂದ.

“ಮೊದಲ ಸಲ ಹಂಗೇಯ, ಬುದ್ಧಿ. ಬೆಳಿಗ್ಗೆ ಎದ್ರೆ ಬಾಗಿಲು ಯಾವ ಕಡೆ ಅಂತ ತಿಳಿಯಾಕಿಲ್ಲ. ಆರನೇ ಸಲಕ್ಕೆ ಹುಡುಕೋದನ್ನೇ ಬಿಟ್ಬಿಡ್ತೀವಿ.”

ಅಷ್ಟರಲ್ಲಿ ನಿಂಬೆಹಣ್ಣು ಉರುಳಿ ಬಂದು ರಾಜನ ಮಂಡಿಗೆ ತಾಗಿ ನಿಂತಿತು. ರಾಜ ಕಣ್ಣೊರೆಸಿಕೊಂಡು ಹಿಂಡಿದ, ಕಲಸಿದ, ಉಂಡ, ತೇಗಿದ. ತೇಗಿದ ಕೂಡಲೇ ಅರವತ್ತು ವರ್ಷ ಒಟ್ಟಿಗೆ ವಯಸ್ಸಾಗಿ, ಗಡ್ಡ ಮಣೆಯವರೆಗೂ ಇಳಿಯಿತು. “ಇನ್ನು ಯಾರನ್ನೂ ಎಬ್ಬಿಸಬೇಡಮ್ಮ,” ಅಂತ ಅಲ್ಲೇ ಒರಗಿದ. ಕೆಂಚವ್ವನ ತಲೆಯೂ ಬೆಳ್ಳಗಾಯಿತು. ಅವಳಿಗೆ ಅದನ್ನು ನೋಡಿಕೊಳ್ಳಲು ಪುರುಸೊತ್ತಿರಲಿಲ್ಲ.

ಈಗ ಯಾರ ಊರು ಯಾವುದು? ಯಾರಿಗೂ ನೆನಪಿಲ್ಲ. ಕೆಂಚವ್ವ ಆಜ್ಞೆ ಬರೆಸಿದಳು: “ಡಂಗುರ ಕೇಳಿದಾಗ ಯಾರು ಎಲ್ಲಿ ಕೂತಿರ್ತಾರೋ ಅದೇ ಅವರೂರು.” ಬರೆಸಿ, ಡಂಗುರದವನ ಕೈ ಹಿಡಿದುಕೊಂಡಳು. “ನಾ ಹೇಳೋಗಂಟ ಬಾರಿಸ್ಬೇಡಪ್ಪ.” ಅವನನ್ನೂ ಎಳೆದುಕೊಂಡೇ ದಡಕ್ಕೆ ಓಡಿದಳು, ದೋಣಿ ಹತ್ತಿದಳು, ಹೊಳೆ ದಾಟಿದಳು. ಚಿಕ್ಕತಾಯಿ ಜಗಲಿಯ ಮೇಲೆ ಸೊಪ್ಪು ಸೋಸುತ್ತಿದ್ದಳು. ಕೆಂಚವ್ವ ಅವಳ ಪಕ್ಕದಲ್ಲೇ ಕುಕ್ಕರಿಸಿದಳು.

“ನೀ ಉಂಡ್ಯಾ ಮಗಳೇ?”

“ಇಲ್ಲ ಕಣವ್ವ, ನಿಂಗೇ ಕಾಯ್ತಾ ಇವ್ನಿ.”

“ಬಾರಿಸೋ!” ಅಂತ ಕೂಗಿದಳು ಕೆಂಚವ್ವ.

ಡಂಗುರ ಮೊಳಗಿತು. ಎಲ್ಲರಿಗೂ ಕೂತಲ್ಲೇ ಊರಾಯಿತು. ಜವರಯ್ಯ ಅನ್ನುವವನು ಮಾತ್ರ ಆ ಹೊತ್ತಿಗೆ ಎಮ್ಮೆಯ ಮೇಲೆ ಕೂತಿದ್ದ. ಅವನೂರು ಎಮ್ಮೆಯೇ ಆಯಿತು. ಅದು ಮೇಯಲು ಹೋದರೆ ಊರು ಗುಡ್ಡದ ಮೇಲೆ, ನೀರಿಗೆ ಇಳಿದರೆ ಊರು ಕೆರೆಯೊಳಗೆ. ಅಂಚೆಯವನು ಇವತ್ತಿಗೂ ಕಾಗದ ಹಿಡಿದು ಅದರ ಹಿಂದೆ ಓಡುತ್ತಿದ್ದಾನೆ.

ಅದಕ್ಕೇ ಹೇಳೋದು, ಯಾರಾದರೂ ಬಂದು “ನಿಮ್ಮದು ಯಾವೂರು?” ಅಂತ ಕೇಳಿದರೆ ಅವಸರಪಡಬೇಡಿ. ಮೊದಲು ಒಳ್ಳೇ ಜಾಗ ನೋಡಿ ಕೂತ್ಕೊಳ್ಳಿ. ಆಮೇಲೆ ಹೇಳಿ.